ಬಾಕಿ ಚಿಲ್ಲರೆ

ಮೂರು ವರ್ಷ ಚೀಟಿ ಕಟ್ಟಿ ಕೂಡಿಸಿದ್ದು
ಐದು ದಿನದ ಅಂಡಮಾನಿಗೆ.
ನಾನು, ಮೆಸ್ಕಾಂ ಬಿಲ್ ಕೌಂಟರಿನ ವಾರಿಜಾಕ್ಷಿ;
ಅವಳು, ಮೆಗ್ಗಾನ್ ಆಸ್ಪತ್ರೆಯ ಫಿಲೋಮಿನಾ, ಹೊರರೋಗಿ ಚೀಟಿಯವಳು.
ಇಬ್ಬರೂ ಕಿಂಡಿಯ ಒಳಗೇ ಕೂತು ಹಣ್ಣಾದವರು.
ಇವತ್ತು ಕಿಂಡಿಯ ಹೊರಗೆ.
ಗಿರಾಕಿಗಳು.

ಗೋಪಾಳದಿಂದ ಸೋಗಾನೆಗೆ ಆಟೋದವನು
ನಾಲ್ಕು ನೂರು ಕೇಳಿದ.
ಟೋಪಿ ನೋಡಿ ಕೇಳಿದ್ದು, ಎಂದಳು ಫಿಲೋಮಿನಾ.
ಹುಲ್ಲಿನ ಟೋಪಿ, ಅಗಲ ಅಂಚು,
ಬೆಳಗಿನ ಐದರ ಕತ್ತಲಲ್ಲೂ
ಅವಳ ತಲೆಯ ಮೇಲೇ ಇತ್ತು.

ತೂಕದ ಯಂತ್ರ ನನ್ನ ಚೀಲವನ್ನು ಒಪ್ಪಲಿಲ್ಲ.
"ಎರಡು ಕೇಜಿ ಜಾಸ್ತಿ ಮೇಡಂ."
ಎದೆಯ ಬಿಲ್ಲೆಯಲ್ಲಿ ಹೆಸರು: ಪೂರ್ವಿಕಾ.
ಎಲ್ಲರೆದುರು ಬಿಚ್ಚಿದೆ: ಮಂಡಿಯ ಪಟ್ಟಿ,
ಯಾವತ್ತೂ ತೊಡದ ಮೊಣಕಾಲುದ್ದದ ಪ್ಯಾಂಟು,
ಕೋಡುಬಳೆಯ ಡಬ್ಬಿ.
ಕೋಡುಬಳೆ ಅಲ್ಲೇ ಹಂಚಿದೆ.
ಭದ್ರತೆಯವನೊಬ್ಬ ಮುರಿದು, ಮೂಸಿ,
ತಿಂದು ತೀರ್ಪು ಕೊಟ್ಟ: "ಇಂಗು ಮುಂದು."

ಎಂಟಕ್ಕೆ ಮಂಜು. ಒಂಬತ್ತಕ್ಕೂ ಮಂಜು.
ಬಂದ ವಿಮಾನ ತಲೆಯ ಮೇಲೆ ಮೂರು ಸುತ್ತು ಹಾಕಿತು,
ಮನೆ ನಂಬರು ಹುಡುಕುವ ಪೋಸ್ಟ್‌ಮ್ಯಾನಿನ ಹಾಗೆ.
ಸದ್ದು ಮಾತ್ರ ಕೇಳಿಸಿತು.
ಆಮೇಲೆ ಅದೂ ಇಲ್ಲ.

ಸಹಾಯವಾಣಿ.
ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ. ಒತ್ತಿದೆ.
ಹಿಂದಿ ಬಂತು.
ಮತ್ತೆ ಒತ್ತಿದೆ.
ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ
ಇಪ್ಪತ್ತಾರು ನಿಮಿಷ ಪಿಟೀಲು ಕುಯ್ದರು.
ಅಮೂಲ್ಯ ಅಂದರೆ
ಬೆಲೆಯೇ ಇಲ್ಲದ್ದು ಅಂತಲೂ ಬರುತ್ತಲ್ಲ.

ಅಷ್ಟರಲ್ಲಿ ದ್ವೀಪದಿಂದಲೇ ಕರೆ,
ರೆಸಾರ್ಟಿನ ಹುಡುಗ, ಉತ್ಸಾಹದ ದನಿ:
ರಾತ್ರಿ ಊಟಕ್ಕೆ ಏಡಿಯೋ, ಪನೀರೋ?
ಅವನ ಬೆನ್ನ ಹಿಂದೊಂದು ಮೊರೆತ,
ಅಲೆಯೋ, ಮಿಕ್ಸಿಯೋ.
ಏಡಿ, ಎಂದಳು ಫಿಲೋಮಿನಾ, ಗಂಭೀರವಾಗಿ.
ಹೋಗದ ಊಟ ಹೇಳುವಾಗ ಯಾಕೆ ಜಿಪುಣತನ.

ಹನ್ನೆರಡೂವರೆಗೆ ರದ್ದು.
ಭದ್ರಾವತಿಯ ದಲ್ಲಾಳಿಯೊಬ್ಬರು ಮೇಜು ಗುದ್ದಿದರು:
"ನಿನ್ನ ಮೇಲಿನವರು ಯಾರು, ಕರಿ."
ಪೂರ್ವಿಕಾ ಸುಮ್ಮನೆ ಗಾಜಿನಾಚೆ ಮೇಲೆ ನೋಡಿದಳು.
ಅಲ್ಲಿ ಮಂಜು.

ನನ್ನ ಸರದಿ.
"ಸಿಸ್ಟಂ ಡೌನ್ ಇದೆ ಮೇಡಂ, ನಾಳೆ ನೋಡೋಣ."

ಅದು ನನ್ನ ವಾಕ್ಯ.
ಅದೇ ರಾಗ, ಮೇಡಂ ಎಂಬಲ್ಲಿ ಅದೇ ಸಣ್ಣ ಒತ್ತು,
ಪರದೆಯಿಂದ ಕಣ್ಣೆತ್ತದ ಅದೇ ನಯ.
ಇಪ್ಪತ್ತೆರಡು ವರ್ಷ ಅನ್ನ ಹಾಕಿ ಸಾಕಿದ್ದು
ಎದುರು ನಿಂತು ನನ್ನನ್ನೇ ಗುರುತಿಸದೆ ಬೊಗಳಿದ ಹಾಗಾಯಿತು.

ಹಣ ವಾಪಸಿಗೊಂದು ಫಾರಮ್ಮು. ಉದ್ಯೋಗ ಬರೆದೆ.
ಅವಳು ಓದಿ, ಅತ್ತಿತ್ತ ನೋಡಿ, ದನಿ ಇಳಿಸಿದಳು:
"ಮೆಸ್ಕಾಂನವರಾ? ನಮ್ಮ ರೂಮಿನ ಮೀಟರ್ ಸುಮ್ಮನೆ ಓಡ್ತಿದೆ ಮೇಡಂ.
ಎರಡು ಬಲ್ಬು, ಒಂದು ಫ್ಯಾನು. ಸಾವಿರದೆಂಟುನೂರು ಬಿಲ್ಲು.
ನಾಲ್ಕು ಸಲ ಬಂದು ಹೋದೆ. ನಿಮ್ಮ ಕಿಂಡಿಗೇ."

ನನಗಿಂತ ಮುಂಚೆ ನನ್ನ ಬಾಯಿ ತೆರೆಯಿತು:
"ಅರ್ಜಿ ಬರೆದು ಕೊಡಿ, ನೋಡೋಣ."

ಫಿಲೋಮಿನಾ ಕೆಮ್ಮಿದಳು.
ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.
ಮೊದಲು ಯಾರು ನಕ್ಕಿದ್ದೋ ನೆನಪಿಲ್ಲ;
ದಲ್ಲಾಳಿಗಂತೂ ಸಿಟ್ಟು ಬಂತು.
ನಂಬರು ಹೇಳು ಎಂದೆ. ಕಾಗದ ಸಿಗಲಿಲ್ಲ, ಅಂಗೈಯಲ್ಲೇ ಬರೆದುಕೊಂಡೆ.
ಅವಳು ಒಳಗಿಂದ ತನ್ನ ಫ್ಲಾಸ್ಕು ತಂದು
ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಅಂದಳು:
"ನಾಳೆ ಬೆಂಗಳೂರಿಂದ ಎರಡು ಸೀಟು ಕಾಣ್ತಿದೆ.
ಕಾಣ್ತಿದೆ ಅಷ್ಟೇ. ಖಾತ್ರಿ ಹೇಳಲ್ಲ."

ಮೂರೂಮುಕ್ಕಾಲಿನ ಬಸ್ಸು, ಚಕ್ರದ ಮೇಲಿನ ಸೀಟು.
ಕಂಡಕ್ಟರ್ ಚಿಲ್ಲರೆ ಇಲ್ಲವೆಂದು
ಟಿಕೆಟ್ಟಿನ ಹಿಂದೆ ಹದಿನಾರು ಬರೆದು ಸುತ್ತು ಹಾಕಿದ.
"ಇಳಿಯುವಾಗ ನೀವೇ ಕೇಳಿ ಅಕ್ಕ, ನಾನು ಮರೀತೀನಿ."
ಇಡೀ ದಿನದಲ್ಲಿ
ಇಷ್ಟು ನೇರ ಮಾತು ಇದೊಂದೇ.

ಭದ್ರಾವತಿ ದಾಟುವಾಗ ಫಿಲೋಮಿನಾ
ಟೋಪಿಯಲ್ಲಿ ಮುಖ ಮುಚ್ಚಿ ಗೊರಕೆ.
ನಾನು ಅಂಗೈ ಬಿಚ್ಚಿ ಓದುತ್ತಿದ್ದೆ,
ಬೆವರಿಗೆ ಶಾಯಿ ಹರಡಿತ್ತು.
ಕೊನೆಯ ಅಂಕಿ
ಏಳೋ,
ಒಂದೋ.